‘ನಾನು’ ಇಲ್ಲದ ಭಯ: ಹಾರರ್ ಹಿಪ್‌ಹಾಪ್ ಕೇಳುಗರ ಮೂವತ್ತು ವರ್ಷದ ತಕರಾರು

ಲಾಸ್ ಏಂಜಲಿಸ್‌ನ ‘ಕ್ಲಿಪ್ಪಿಂಗ್’ ತಂಡ 2019ರ ಅಕ್ಟೋಬರ್‌ನಲ್ಲಿ ಹೊರತಂದ ‘ದೇರ್ ಎಕ್ಸಿಸ್ಟೆಡ್ ಆ್ಯನ್ ಅಡಿಕ್ಷನ್ ಟು ಬ್ಲಡ್’ ಆಲ್ಬಂ ಬಗ್ಗೆ ಕೇಳುಗರು ಇವತ್ತಿಗೂ ಒಂದು ಮಾತಿಗೆ ಬರುವುದಿಲ್ಲ. ಕೆಲವರಿಗೆ ಅದು ಹಾರರ್ ಹಿಪ್‌ಹಾಪ್, ಅಂದರೆ ಭಯದ ಕಥೆಗಳನ್ನು ರ‍್ಯಾಪ್‌ನಲ್ಲಿ ಹೇಳುವ ಪ್ರಕಾರದ ಅತ್ಯುತ್ತಮ ಕೆಲಸ. ಕೆಲವರಿಗೆ ಬರೀ ಗದ್ದಲ. ಇನ್ನು ಕೆಲವರ ತಕರಾರು ಬೇರೆಯದೇ: ರ‍್ಯಾಪ್ ಅಚ್ಚುಕಟ್ಟಾಗಿದೆ, ಸದ್ದೂ ಚೆನ್ನಾಗಿದೆ, ಆದರೆ ಹೇಳುವವನಿಗೇ ಭಯವಿಲ್ಲದಿದ್ದರೆ ಕೇಳುವವರಿಗೆ ಎಲ್ಲಿಂದ ಬರಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದನ್ನು ಮೊದಲ ಸಲ ಮೊಬೈಲಿನಲ್ಲಿ ಹಾಕಿಕೊಂಡವರಿಗೂ ಈ ಮೂರರಲ್ಲಿ ಒಂದು ಅನ್ನಿಸಿಯೇ ಅನ್ನಿಸುತ್ತದೆ. ಗದ್ದಲದ ದೂರಿಗೆ ಬಹುಪಾಲು ಫೋನೇ ಕಾರಣ. ಭಯವಿಲ್ಲ ಎಂಬ ದೂರಿನ ಬೇರು ಮಾತ್ರ ಆಳದಲ್ಲಿದೆ.

ಹೂಸ್ಟನ್‌ನ ಗೆಟೊ ಬಾಯ್ಸ್ ತಂಡದವರು 1989ರಲ್ಲಿ ‘ಮೈಂಡ್ ಆಫ್ ಎ ಲುನಾಟಿಕ್’ ಹಾಡಿದಾಗ ಕೊಲೆಯನ್ನು ಕೊಲೆಗಾರನ ಬಾಯಿಂದಲೇ ಹೇಳಿಸಿದರು. ಹಾಡಿನ ತುಂಬ ‘ನಾನು’. ಮರುವರ್ಷ ಅದೂ ಸೇರಿದಂತೆ ತಮ್ಮ ಹಳೆಯ ಹಾಡುಗಳನ್ನು ಹೊಸದಾಗಿ ಸಜ್ಜುಗೊಳಿಸಿ ಮತ್ತೊಂದು ಆಲ್ಬಂ ಮಾಡಿದಾಗ ಗೆಫನ್ ಕಂಪನಿ ಅದನ್ನು ಹಂಚಲು ಒಪ್ಪಲಿಲ್ಲ. ನಿರ್ಮಾಪಕ ರಿಕ್ ರೂಬಿನ್ ಬೇರೆ ಹಂಚಿಕೆದಾರರನ್ನು ಹುಡುಕಿಕೊಳ್ಳಬೇಕಾಯಿತು. ಪೋಷಕರನ್ನು ಎಚ್ಚರಿಸುವ ಕಪ್ಪು-ಬಿಳುಪು ಚೀಟಿ ಅಮೆರಿಕದ ಕ್ಯಾಸೆಟ್ಟುಗಳ ಮೇಲೆ ಒಂದೇ ನಮೂನೆಯಲ್ಲಿ ಬಂದದ್ದೂ ಅದೇ 1990ರಲ್ಲಿ. ಆಗಿನ ವಾದ ಒಂದೇ: ಹಾಡುವವನೇ ‘ನಾನು ಕೊಂದೆ’ ಅಂದರೆ ಅದನ್ನು ಕಥೆ ಅನ್ನಬೇಕೋ, ತಪ್ಪೊಪ್ಪಿಗೆ ಅನ್ನಬೇಕೋ?

1991ರಲ್ಲಿ ಅದೇ ತಂಡ ‘ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ’ ತಂದಿತು. ಇಲ್ಲಿಯೂ ‘ನಾನು’ ಇದ್ದಾನೆ, ಆದರೆ ಈ ಸಲ ಹೆದರಿಸುವವನಲ್ಲ, ಹೆದರಿದವನು. ನಿದ್ದೆ ಬಾರದೆ, ಬೆನ್ನ ಹಿಂದೆ ಯಾರೋ ಇದ್ದಾರೆಂದು ತಿರುಗಿ ತಿರುಗಿ ನೋಡುವವನು. ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೇ ಸ್ಥಾನಕ್ಕೇರಿತು. ಈ ಪ್ರಕಾರದಲ್ಲಿ ಇದಕ್ಕಿಂತ ಮುಖ್ಯವಾದ ತಿರುವು ಇನ್ನೊಂದಿಲ್ಲ. ಒಳ್ಳೆಯ ಹಾರರ್ ರ‍್ಯಾಪ್ ಅಂದರೆ ಹೇಳುವವನ ಎದೆಯೊಳಗಿನ ಡವಡವ ಕೇಳಿಸಬೇಕು ಎಂಬ ನಿರೀಕ್ಷೆ ಹುಟ್ಟಿದ್ದು ಇಲ್ಲಿಂದ. 1994ರಲ್ಲಿ ಗ್ರೇವ್‌ಡಿಗ್ಗಾಜ್ ತಂಡದವರು ಅದಕ್ಕೆ ನಾಟಕದ ಬಣ್ಣ ಬಳಿದರು. ಮೆಂಫಿಸ್ ನಗರದ ರ‍್ಯಾಪರ್‌ಗಳು ಕೈಯಿಂದ ಕೈಗೆ ಕಾಪಿಯಾಗುತ್ತಿದ್ದ ಕ್ಯಾಸೆಟ್ಟಿನ ‘ಸ್ಸ್’ ಸದ್ದನ್ನೇ ಭಯದ ಭಾಗವಾಗಿಸಿಕೊಂಡರು.

ಕ್ಲಿಪ್ಪಿಂಗ್‌ನವರಿಗೆ ಈ ಚರಿತ್ರೆಯೆಲ್ಲ ಬಾಯಿಪಾಠ. ಡವೀಡ್ ಡಿಗ್ಸ್ ರ‍್ಯಾಪ್ ಹೇಳುತ್ತಾರೆ. ವಿಲಿಯಂ ಹಟ್ಸನ್ ಮತ್ತು ಜೊನಾಥನ್ ಸ್ನೈಪ್ಸ್ ಸದ್ದು ಕಟ್ಟುತ್ತಾರೆ. 2020ರಲ್ಲಿ ಬಂದ ಜೋಡಿ ಆಲ್ಬಂ ‘ವಿಷನ್ಸ್ ಆಫ್ ಬಾಡೀಸ್ ಬೀಯಿಂಗ್ ಬರ್ನ್ಡ್’ನ ಹೆಸರು ಆ 1991ರ ಹಾಡಿನ ಸಾಲಿನದೇ. ಆದರೆ ತಂಡ ಮೊದಲಿನಿಂದ ಪಾಲಿಸಿಕೊಂಡು ಬಂದ ನಿಯಮವೊಂದಿದೆ: ಡಿಗ್ಸ್ ಸಾಹಿತ್ಯದಲ್ಲಿ ‘ನಾನು’ ಬರಬಾರದು. ಎಲ್ಲವೂ ‘ಅವನು’, ‘ಅವಳು’, ‘ನೀನು’. 1990ರಲ್ಲಿ ‘ನಾನು’ ಇದ್ದದ್ದಕ್ಕೆ ಜಗಳ. 2019ರಲ್ಲಿ ಅದೇ ‘ನಾನು’ ಇಲ್ಲದ್ದಕ್ಕೆ ಬೇಸರ. ತಣ್ಣಗಿದೆ, ಯಂತ್ರ ಓದಿದಂತಿದೆ ಎನ್ನುವವರು ಕಿವಿಗೊಟ್ಟು ಕೇಳಿಯೇ ಹೇಳುತ್ತಿದ್ದಾರೆ. ಅವರು ಗುರುತಿಸಿದ್ದು ಆ ನಿಯಮವನ್ನೇ.

ನಮ್ಮ ಭಾಗದ ಕೇಳುಗರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ ಎಂಬುದು ನಮ್ಮ ನಂಬಿಕೆ. ವೀರಭದ್ರನ ಗುಗ್ಗಳದ ಮೆರವಣಿಗೆಯ ಮುಂದೆ ಪುರವಂತರು ಹೇಳುವ ಒಡಪು ಕೇಳಿ ಬೆಳೆದ ಕಿವಿ ಇದು. ದಕ್ಷನ ಯಜ್ಞ ಧ್ವಂಸವಾಗುತ್ತದೆ, ರುಂಡ ಉರುಳುತ್ತದೆ, ರಕ್ತಕ್ಕೇನೂ ಕಡಿಮೆಯಿಲ್ಲ. ಒಡಪು ನಡೆವಾಗ ಸಮಾಳ ವಾದ್ಯ ಸುಮ್ಮನಿರುತ್ತದೆ, ಬರೀ ದನಿ ಏರುತ್ತದೆ. ಮಾತು ಮುಗಿದದ್ದೇ ತಡ ವಾದ್ಯ ಒಮ್ಮೆಲೇ ಅಪ್ಪಳಿಸುತ್ತದೆ. ಬೀಟ್ ಇಲ್ಲದೆ ಮಾತು, ಆಮೇಲೆ ಸದ್ದಿನ ಹೊಡೆತ ಎಂಬ ಕ್ಲಿಪ್ಪಿಂಗ್ ಪಟ್ಟು ಆದ್ದರಿಂದ ಇಲ್ಲಿಯವರಿಗೆ ಹೊಸದಲ್ಲ. ಆದರೆ ಪುರವಂತ ವೀರಭದ್ರನ ಕಥೆ ಹೇಳುತ್ತಾ ಹೇಳುತ್ತಾ ತಾನೇ ಆವೇಶಗೊಳ್ಳುತ್ತಾನೆ, ಮೈಗೆ ಶಸ್ತ್ರ ಹಾಕಿಕೊಳ್ಳುತ್ತಾನೆ. ಸುತ್ತ ನಿಂತವರು ‘ಹರಹರ ಮಹಾದೇವ’ ಅನ್ನುತ್ತಾರೆ. ಮುದಗಲ್ಲಿನ ಮೊಹರಂನಲ್ಲಿ ಕರ್ಬಲಾದ ರಿವಾಯತ್ ಹಾಡುವವರಲ್ಲೂ ದುಃಖ ಅವರದೇ ಆಗಿಬಿಡುತ್ತದೆ. ಡಿಗ್ಸ್ ಹಾಗೆ ಆವೇಶಗೊಳ್ಳುವುದಿಲ್ಲ. ಕೊನೆಯವರೆಗೂ ದೂರವೇ ನಿಂತು, ನಡೆದದ್ದನ್ನು ವೇಗವಾಗಿ, ತಪ್ಪಿಲ್ಲದೆ ಹೇಳಿ ಮುಗಿಸುತ್ತಾರೆ. ಕೆಲವು ಹಾಡುಗಳಲ್ಲಿ ಈ ದೂರವೇ ಹೆಚ್ಚು ಹೆದರಿಸುತ್ತದೆ, ಏಕೆಂದರೆ ‘ನೀನು’ ಎಂದು ಕರೆದಾಗ ಬಲಿಯ ಜಾಗದಲ್ಲಿ ಕೇಳುಗನೇ ನಿಂತಿರುತ್ತಾನೆ. ಒಂದು ಗಂಟೆಗೂ ಮೀರಿದ ಆಲ್ಬಂಗೆ ಇಡಿಯಾಗಿ ಅದು ಸಾಲದು ಎಂಬ ದೂರಿನಲ್ಲಿ ಹುರುಳಿದೆ.

ಇನ್ನು ಗದ್ದಲದ ಮಾತು. ಈ ಸಂಗೀತದ ಬೇಸ್ 40ರಿಂದ 60 ಹರ್ಟ್ಜ್ ಆಸುಪಾಸಿನಲ್ಲಿ ಕೂತಿರುತ್ತದೆ. ಫೋನಿನ ಸ್ಪೀಕರ್‌ಗೆ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಗಟ್ಟಿಯಾಗಿ ನುಡಿಸುವ ಶಕ್ತಿಯಿಲ್ಲ. ಹಾಗಾಗಿ ತಾಳ ಮಾಯ. ಉಳಿಯುವುದು 2,000ದಿಂದ 5,000 ಹರ್ಟ್ಜ್ ನಡುವಿನ ಕಿರ್ರೆನ್ನುವ ಭಾಗ, ನಮ್ಮ ಕಿವಿ ಅತಿ ಚುರುಕಾಗಿರುವುದೂ ಅಲ್ಲಿಯೇ. ಆಟೊದ ವೂಫರ್ ಡಬ್ಬಿಯಲ್ಲಿ ಇದರ ಉಲ್ಟಾ: ಬೇಸ್ ಊದಿಕೊಂಡು ಮಾತನ್ನು ನುಂಗುತ್ತದೆ. ಒಂದೇ ಇಯರ್‌ಫೋನನ್ನು ಇಬ್ಬರು ಒಂದೊಂದು ಕಿವಿಗೆ ಹಂಚಿಕೊಂಡು ಕೇಳಿದರಂತೂ ‘ರನ್ ಫಾರ್ ಯುವರ್ ಲೈಫ್’ ಅರ್ಧವೇ ಸಿಗುತ್ತದೆ. ಮೆಂಫಿಸ್‌ನ ರ‍್ಯಾಪರ್ ಲಾ ಚಾಟ್ ಇರುವ ಆ ಹಾಡಿನಲ್ಲಿ ಬೀಟ್ ಬರುವುದೇ ಹಾದುಹೋಗುವ ಕಾರುಗಳಿಂದ. ಕಾರು ಹತ್ತಿರ ಬಂದಾಗ ತಾಳ, ದೂರ ಸರಿದಾಗ ಬರಿದಾದ ರಸ್ತೆ.

ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ. ಆ್ಯಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಮತ್ತು ಬೇಸ್ ಬೂಸ್ಟ್ ಎರಡನ್ನೂ ತೆಗೆಯಿರಿ. ಸಿಗುವುದಾದರೆ ಸದ್ದಿನ ಗುಣಮಟ್ಟವನ್ನು 320 ಕೆಬಿಪಿಎಸ್‌ಗೆ ಇಡಿ. ಫೈಲ್ ಚಿಕ್ಕದು ಮಾಡುವ ತಂತ್ರ ಮಧುರವಾದ ಸ್ವರವನ್ನು ಸುಲಭವಾಗಿ ಹಿಡಿದಿಡುತ್ತದೆ, ಗೊರಗೊರ ಸದ್ದನ್ನು ಹಿಡಿಯಲಾರದೆ ನೀರುನೀರಾಗಿಸುತ್ತದೆ. ಸ್ಪೀಕರ್ ಹರಿದಂತೆ ಕೇಳಿಸಿದರೆ ವಾಲ್ಯೂಮ್ ಅರ್ಧಕ್ಕಿಳಿಸಿ ನೋಡಿ: ಹರುಕು ಹೋದರೆ ತಪ್ಪು ಸ್ಪೀಕರಿನದು, ಉಳಿದರೆ ಅದು ಬೇಕೆಂದೇ ಇಟ್ಟದ್ದು. ಮೆಲ್ಲನೆಯ ಜಾಗದಲ್ಲಿ ವಾಲ್ಯೂಮ್ ಏರಿಸಬೇಡಿ, ಮುಂದಿನ ಹೊಡೆತ ಕಿವಿಗೆ ಪೆಟ್ಟು ಕೊಡುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸು ತಾಳಬಹುದೆಂಬ ಲೆಕ್ಕವಿದೆ; ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ, 94ಕ್ಕೆ ಉಳಿಯುವುದು 1 ತಾಸು.

ಅತಿ ಹೆಚ್ಚು ಮಂದಿ ದಾಟಿಸಿಬಿಡುವುದು ಕೊನೆಯ ‘ಪಿಯಾನೊ ಬರ್ನಿಂಗ್’ ಅನ್ನು. ಸುಮಾರು 18 ನಿಮಿಷ, ಒಂದು ಮಾತೂ ಇಲ್ಲ, ಪಿಯಾನೊ ಸುಡುವ ಸದ್ದು ಮಾತ್ರ. ಇದು ನ್ಯೂಜಿಲೆಂಡ್ ಮೂಲದ ಆನಿಯಾ ಲಾಕ್‌ವುಡ್ 1968ರಲ್ಲಿ ರಚಿಸಿದ ಕೃತಿ. ಅವರ ಸೂಚನೆಗಳು ಸ್ಪಷ್ಟ: ರಿಪೇರಿಗೆ ಬಾರದಷ್ಟು ಕೆಟ್ಟ, ನೇರ ನಿಲ್ಲುವ ಪಿಯಾನೊ ಮಾತ್ರ; ಬಯಲಲ್ಲಿಟ್ಟು ಮುಚ್ಚಳ ಮುಚ್ಚಬೇಕು; ಸುರುಳಿ ಕಾಗದಕ್ಕೆ ಸ್ವಲ್ಪ ಲೈಟರ್ ದ್ರವ ಹಾಕಿ ಪೆಡಲ್ ಹತ್ತಿರ ಒಳಗಿಟ್ಟು ಹಚ್ಚಬೇಕು; ಆಗುವಷ್ಟು ಹೊತ್ತು ನುಡಿಸಬೇಕು. ಪಿಯಾನೊದ ಇನ್ನೂರಕ್ಕೂ ಹೆಚ್ಚು ತಂತಿಗಳ ಒಟ್ಟು ಬಿಗಿತ ಹತ್ತಾರು ಟನ್ನು. ಕಟ್ಟಿಗೆ ಚಟಪಟ ಅನ್ನುವ ನಡುವೆ ತಂತಿಯೊಂದು ಟಣ್ಣೆಂದು ಹರಿಯುವುದಕ್ಕೆ ಕಾಯುತ್ತಾ ಕೂರಬೇಕು. ಕಥೆಗಳೆಲ್ಲ ಮುಗಿದ ಮೇಲೆ ಇದು ಸರಿಯಾದ ಜಾಗದಲ್ಲೇ ಇದೆ ಎಂದು ನಾವು ವಾದಿಸುತ್ತೇವೆ, ಆದರೆ ಬೇರೆ ಹಾಡುಗಳ ನಡುವೆ ಶಫಲ್‌ನಲ್ಲಿ ಬಂದರೆ ಅರ್ಥವಾಗುವುದಿಲ್ಲ.

ಹೊಸಬರು 2020ರ ಆಲ್ಬಂನ ‘ಸೇ ದ ನೇಮ್’ನಿಂದ ಶುರು ಮಾಡುವುದು ಒಳ್ಳೆಯದು. ಅದರಲ್ಲಿ ಗೆಟೊ ಬಾಯ್ಸ್‌ನ ಆ ಹಳೆಯ ಸಾಲೇ ಪಲ್ಲವಿಯಾಗಿ ಮತ್ತೆ ಮತ್ತೆ ಬರುತ್ತದೆ, ತಾಳವೂ ಹಿಡಿಸುತ್ತದೆ. ಆಮೇಲೆ 2019ರದಕ್ಕೆ ಬಂದು ‘ನಥಿಂಗ್ ಈಸ್ ಸೇಫ್’ ಕೇಳಿ, ನಂತರವೇ ಇಡೀ ಆಲ್ಬಂ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದ ಮೇಲೂ ತಣ್ಣಗೇ ಅನ್ನಿಸಿದರೆ ಫೋನನ್ನು ದೂರುವಂತಿಲ್ಲ. ಅದು ತಂಡ ತಿಳಿದೇ ಮಾಡಿಕೊಂಡ ಆಯ್ಕೆ.