ಬಿಪಿ ಮಾತ್ರೆ 'ಸ್ಟಾಕ್ ಇಲ್ಲ' ಅಂದ್ರೆ ಏನು ಮಾಡೋದು?

ಪ್ರಶ್ನೆ: ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಅಪ್ಪನ ಬಿಪಿ ಮಾತ್ರೆ ಎರಡು ಸಲದಿಂದ ಸಿಕ್ಕಿಲ್ಲ. ಹೊರಗೆ ತಗೊಳ್ಳಿ ಅಂತಾರೆ. ಶಿವಮೊಗ್ಗಕ್ಕೆ ಹೋಗಿ ಬರೋಕೆ ಒಂದು ದಿನ ಬೇಕು. ಏನು ಮಾಡಲಿ?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಒಂದು ಮಾತು. ಇರೋ ಮಾತ್ರೆಯನ್ನು ಎಳೆದಾಡಿ ಉಳಿಸೋಕೆ ಹೋಗಬೇಡಿ.

ನಮ್ಮ ಮನೆಯಲ್ಲೇ ಹೀಗಾಗಿತ್ತು. ಒಂದು ಮಳೆಗಾಲ ಅಮ್ಮ ಅಡಕತ್ತರಿಯಲ್ಲಿ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದಳು. ಉಳಿದರ್ಧ ಸ್ಟ್ರಿಪ್ಪಿನ ಹಾಳೆಯಲ್ಲಿ ಮಡಚಿ ಎಲೆಯಡಿಕೆ ತಟ್ಟೆಯಲ್ಲಿ ಇರುತ್ತಿತ್ತು. ಪೇಟೆಗೆ ಹೋಗೋ ತನಕ ಬರಬೇಕಲ್ಲ ಅಂತ! ತಲೆ ಸುತ್ತಿ ಜಗಲಿಯಲ್ಲಿ ಕೂತ ಮೇಲೆಯೇ ನಮಗೆ ಗೊತ್ತಾಗಿದ್ದು. ಅಟೆನೊಲಾಲ್‌ನಂಥ ಬಿಪಿ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೆ ತೊಂದರೆ ಆಗಬಹುದು. ಫಿಟ್ಸ್ ಮಾತ್ರೆ ನಿಂತರೆ ಫಿಟ್ಸ್ ಮತ್ತೆ ಬರಬಹುದು. ಇನ್ಸುಲಿನ್ ಅಂತೂ ಬಿಡಲೇಬಾರದು.

ಸ್ಟಾಕ್ ಯಾಕೆ ಇರಲ್ಲ? ಸರ್ಕಾರಿ ಆಸ್ಪತ್ರೆಗಳ ಔಷಧಿಯನ್ನು ಹೆಚ್ಚಾಗಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆದು ಕೊಳ್ಳುತ್ತದೆ. ಅದು ಜಿಲ್ಲೆಯ ಔಷಧ ಉಗ್ರಾಣಕ್ಕೆ ಬಂದು, ಅಲ್ಲಿಂದ ಆಸ್ಪತ್ರೆಗಳಿಗೆ ಹೋಗುತ್ತದೆ. ಟೆಂಡರ್ ತಡವಾದರೆ, ಕಂಪನಿ ಸರಿಯಾಗಿ ಕಳಿಸದಿದ್ದರೆ, ಆಸ್ಪತ್ರೆಯವರು ಬೇಡಿಕೆ ಪಟ್ಟಿಯಲ್ಲಿ ಕಡಿಮೆ ಬರೆದಿದ್ದರೆ ಕೊನೆಗೆ ಕಪಾಟು ಖಾಲಿ. ಕಿಟಕಿಯಲ್ಲಿ ಕೂತ ಫಾರ್ಮಸಿಸ್ಟ್ ಮೇಲೆ ರೇಗಿದರೆ ಮಾತ್ರೆ ಬರಲ್ಲ, ಅಲ್ವಾ?

ಹಾಗಂತ ಸುಮ್ನೆ ವಾಪಸ್ ಬರಲೂಬೇಡಿ. ಕಿಟಕಿಯಿಂದ ಡಾಕ್ಟ್ರ ಹತ್ತಿರ ಹೋಗಿ. 'ಇದರ ಬದಲು ಇಲ್ಲಿರೋ ಬೇರೆ ಮಾತ್ರೆ ಆಗುತ್ತಾ?' ಅಂತ ಕೇಳಿ. ಟೆಲ್ಮಿಸಾರ್ಟನ್ ಇಲ್ಲದಿದ್ದರೂ ಅಮ್ಲೋಡಿಪಿನ್ ಇರಬಹುದು. ಎರಡೂ ಬಿಪಿ ಮಾತ್ರೆಗಳೇ, ಆದರೆ ಒಂದೇ ಅಲ್ಲ, ಕಿಡ್ನಿ, ಸಕ್ಕರೆ ನೋಡಿ ಬದಲಾಯಿಸಬೇಕಾದವರು ಡಾಕ್ಟ್ರೇ. ಪಕ್ಕದ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಇದೆಯಾ ಅಂತ ಫೋನ್ ಮಾಡಿ ನೋಡಲು ಕೇಳಿ. ಒಂದು ಕಡೆ ಖಾಲಿ, ಇನ್ನೊಂದು ಕಡೆ ಜಾಸ್ತಿ ಇರೋದು ಉಂಟು. ಆಸ್ಪತ್ರೆ ನೋಡಿಕೊಳ್ಳೋ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಕೊಳ್ಳಲು ಆಗುತ್ತಾ ಅಂತಲೂ ವಿಚಾರಿಸಿ. ಪದೇ ಪದೇ ಇಲ್ಲ ಅಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ತಾರೀಖು, ಮಾತ್ರೆ ಹೆಸರು ಹಾಕಿ ಬರೆದು ಕೊಡಿ.

ಹೊರಗೆ ಕೊಳ್ಳಲೇಬೇಕಾದರೆ ಹಳೇ ಸ್ಟ್ರಿಪ್ ಜೊತೆಗಿರಲಿ. ಅದರಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆ ಔಷಧದ ಹೆಸರೂ ಇರುತ್ತದೆ, 'ಅಮ್ಲೋಡಿಪಿನ್ 5 ಮಿಲಿಗ್ರಾಂ' ಅನ್ನೋ ಹಾಗೆ. ಜನೌಷಧಿ ಕೇಂದ್ರದಲ್ಲಿ ಆ ಹೆಸರು ಹೇಳಿದರೆ ಕಡಿಮೆ ದುಡ್ಡಿಗೆ ಸಿಗುತ್ತದೆ. ಮಿಲಿಗ್ರಾಂ ಅಷ್ಟೇ ಇದೆಯಾ ನೋಡಿಕೊಳ್ಳಿ.

ನಮ್ಮ ಕಡೆ ಮಳೆ ಹಿಡಿದರೆ ಬಸ್ ನಂಬೋ ಹಾಗಿಲ್ಲ. ಮೇ ಕೊನೆಗೇ ಎರಡು ತಿಂಗಳ ಮಾತ್ರೆ ಕೊಡ್ತೀರಾ ಅಂತ ಡಾಕ್ಟ್ರನ್ನು ಕೇಳಿ. ಈಗ ಅಪ್ಪನ ಹತ್ತಿರ ಎಷ್ಟು ಮಾತ್ರೆ ಉಳಿದಿದೆ ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ನಾಳೆಯೇ ಹೊರಡಿ.