ಪಿನ್‌ಬಾಲ್‌ಗೆ ಎಣ್ಣೆ ಬಿಡಬೇಡಿ

ಪಿನ್‌ಬಾಲ್ ಅಂದರೆ ಓರೆಯಾದ ಹಲಗೆಯ ಮೇಲೆ ಉಕ್ಕಿನ ಚೆಂಡು ಓಡಾಡಿಸಿ ಅಂಕ ಗಳಿಸುವ ಆಟ. ಅದರ ಹಳೆಯ ಯಂತ್ರವನ್ನು ಹವ್ಯಾಸಕ್ಕೆಂದು ಮನೆಗೆ ತಂದವರಲ್ಲಿ ಬಹಳ ಜನ ಮೊದಲು ಮಾಡುವ ಕೆಲಸ, ಸ್ಪ್ರೇ ಡಬ್ಬಿ ಹಿಡಿದು ಒಳಗೆಲ್ಲ ಎಣ್ಣೆ ಹೊಡೆಯುವುದು. ದಯವಿಟ್ಟು ಬೇಡ. ಇದೇನು ಹೊಲಿಗೆ ಮಷೀನ್ ಅಲ್ಲ. ಕಾಯಿಲ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿ ಸುರುಳಿ, ಅದರೊಳಗೆ ಹೋಗಿ ಬರುವ ಕಬ್ಬಿಣದ ಸರಳು (ಪ್ಲಂಜರ್) ಒಣಗಿಯೇ ಓಡಾಡಬೇಕು. ಎಣ್ಣೆ ಬಿಟ್ಟರೆ ಧೂಳು ಹಿಡಿದು ಕರೀ ಜಿಡ್ಡಾಗುತ್ತದೆ. ಸಾಲದ್ದಕ್ಕೆ ಪಕ್ಕದಲ್ಲೇ ಕಾಂಟ್ಯಾಕ್ಟ್‌ಗಳು, ಅಂದರೆ ಸ್ವಿಚ್‌ಗಳಲ್ಲಿ ಒಂದಕ್ಕೊಂದು ತಾಗುವ ಲೋಹದ ಬಿಂದುಗಳು, ಕಿಡಿ ಹಾರಿಸುತ್ತಿರುತ್ತವೆ!

ಇನ್ನು ಕೆಲವರು, 'ಅದಕ್ಕೆ ಮೂಡ್ ಇದ್ದರೆ ಆಡುತ್ತೆ, ಇಲ್ಲದಿದ್ದರೆ ಇಲ್ಲ' ಅಂತಾರೆ. ಮೂಡೂ ಇಲ್ಲ, ದೆವ್ವವೂ ಇಲ್ಲ. ಎಲ್ಲೋ ಒಂದು ಕಾಂಟ್ಯಾಕ್ಟ್ ಕೊಳೆಯಾಗಿರುತ್ತದೆ, ಅಷ್ಟೇ.

ನಾನು ಹೇಳುತ್ತಿರುವುದು 1970ರ ದಶಕದ ಕೊನೆಯಲ್ಲಿ ಮೈಕ್ರೊಪ್ರೊಸೆಸರ್ ಬರುವುದಕ್ಕೆ ಮುಂಚಿನ ಯಂತ್ರಗಳ ಬಗ್ಗೆ. ಶಿಕಾಗೋದ ಗಾಟ್ಲೀಬ್, ವಿಲಿಯಮ್ಸ್, ಬ್ಯಾಲಿ ಕಂಪನಿಗಳವು. ಚಿಪ್ ಇಲ್ಲ. ಆದರೂ ಇದು ಎಷ್ಟನೇ ಚೆಂಡು ಅನ್ನೋದು ಅದಕ್ಕೆ ನೆನಪಿರುತ್ತದೆ. ಹೇಗೆ? ಕಾಯಿಲ್ ಒಮ್ಮೆ ಎಳೆದರೆ ಹಲ್ಲಿನ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ. ಅದರ ಜೊತೆ ತಿರುಗುವ ಹಿತ್ತಾಳೆಯ ತೋಳು ಮುಂದಿನ ರಿವೆಟ್ ಮೇಲೆ ಕೂರುತ್ತದೆ. ಆ ತೋಳು ಕೂತ ಜಾಗವೇ ನೆನಪು. ಕರೆಂಟ್ ಹೋದರೂ ಅಳಿಯುವುದಿಲ್ಲ. ಇದು ಟೆಲಿಫೋನ್ ಎಕ್ಸ್‌ಚೇಂಜಿನ ಸಂಬಂಧಿ. ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಉಪಾಯವೂ ಹೀಗೇ ಹೆಜ್ಜೆ ಹೆಜ್ಜೆ ಏರುವ ಸ್ವಿಚ್. ನಮ್ಮ ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲೂ ಸ್ಟ್ರೌಜರ್ ಎಕ್ಸ್‌ಚೇಂಜ್ ಉಪಕರಣಗಳು ತಯಾರಾಗುತ್ತಿದ್ದವು. ಅಲ್ಲಿ ರಿಲೇ (ಕಾಯಿಲ್‌ನಿಂದ ನಡೆಯುವ ಸ್ವಿಚ್) ಹೊಂದಿಸಿದವರಿಗೆ ಪಿನ್‌ಬಾಲ್ ಒಳಗೇನಿದೆ ಅಂತ ಹೇಳಿಕೊಡುವ ಅಗತ್ಯವೇ ಇರುತ್ತಿರಲಿಲ್ಲ.

ನನ್ನನ್ನು ಮರುಳು ಮಾಡಿರುವುದು ಮಾತ್ರ ಫ್ಲಿಪ್ಪರ್, ಅಂದರೆ ಆಟಗಾರ ಬಟನ್ ಒತ್ತಿ ಚೆಂಡನ್ನು ಹೊಡೆಯುವ ಪುಟ್ಟ ಬ್ಯಾಟ್. ಬಟನ್ ಒತ್ತಿದ ಕೂಡಲೇ 80 ಗ್ರಾಂ ತೂಕದ ಉಕ್ಕಿನ ಚೆಂಡನ್ನು ಅದು ಮೇಲಕ್ಕೆ ಹೊಡೆಯಬೇಕು. ಬಟನ್ ಒತ್ತಿಯೇ ಇಟ್ಟರೆ ಎತ್ತಿಕೊಂಡೇ ನಿಂತಿರಬೇಕು. ಈ ಎರಡು ಕೆಲಸಕ್ಕೆ ಬೇಕಾದ ಕರೆಂಟ್ ಒಂದೇ ಅಲ್ಲ. ಪ್ಲಂಜರ್ ಹೊರಗಿದ್ದಾಗ ನಡುವೆ ಗಾಳಿಯ ಅಂತರ ಜಾಸ್ತಿ, ಆಗ ಜೋರಾಗಿ ಎಳೆಯಬೇಕು. ಒಳಗೆ ಹೋಗಿ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಮೇಲೆ ಸ್ವಲ್ಪ ಕರೆಂಟ್ ಸಾಕು, ಅಯಸ್ಕಾಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಅದಕ್ಕೇ ಒಂದೇ ಕಾಯಿಲ್‌ನಲ್ಲಿ ಎರಡು ವೈಂಡಿಂಗ್ (ತಂತಿಯ ಸುತ್ತು). ಒಂದು ದಪ್ಪ ತಂತಿಯದು, ಅದರ ರೋಧ ಬರೀ ಕೆಲವು ಓಮ್. ಇನ್ನೊಂದು ಸಣ್ಣ ತಂತಿಯದು, ರೋಧ ಹತ್ತಾರು ಪಟ್ಟು ಹೆಚ್ಚು. ಎರಡೂ ಒಂದರ ಹಿಂದೆ ಒಂದು. ಶುರುವಿನಲ್ಲಿ ಒಂದು ಪುಟ್ಟ ಸ್ವಿಚ್ ಸಣ್ಣ ತಂತಿಯನ್ನು ಶಾರ್ಟ್ ಮಾಡಿರುತ್ತದೆ. ಹಾಗಾಗಿ ಕರೆಂಟ್ ಪೂರ್ತಿ ದಪ್ಪ ತಂತಿಯಲ್ಲಿ ನುಗ್ಗುತ್ತದೆ. ಫ್ಲಿಪ್ಪರ್ ಪೂರ್ತಿ ಮೇಲೆದ್ದಾಗ ಅದರ ತೋಳೇ ಹೋಗಿ ಆ ಸ್ವಿಚ್ ತೆರೆಯುತ್ತದೆ. ಈಗ ಸಣ್ಣ ತಂತಿಯೂ ದಾರಿಯಲ್ಲಿ ಸೇರಿತು. ಕರೆಂಟ್ ಇಳಿಯಿತು.

ಸ್ವಿಚ್ ತೆರೆಯದೇ ಹೋದರೆ? ತಂತಿಯ ಮೇಲಿನ ವಾರ್ನಿಶ್ ಸುಟ್ಟ ವಾಸನೆ, ಆಮೇಲೆ ಹೊಸ ಕಾಯಿಲ್. ಕೊಳೆ ಹಿಡಿದು ಸರಿಯಾಗಿ ಮುಚ್ಚದೇ ಹೋದರೆ ಫ್ಲಿಪ್ಪರ್ ಮೆತ್ತಗೆ ಗುಂಯ್ ಅನ್ನುತ್ತದೆ, ಚೆಂಡು ಅರ್ಧ ದಾರಿಯೂ ಹತ್ತುವುದಿಲ್ಲ. 'ಕಾಯಿಲ್ ಹಳೇದಾಗಿದೆ' ಅಂತ ಹೊಸದಕ್ಕೆ ದುಡ್ಡು ಸುರಿಯುವವರು ಇಲ್ಲೇ ಎಡವುವುದು. ತಾಮ್ರದ ತಂತಿ ಸುಮ್ನೆ ಸುಸ್ತಾಗುವುದಿಲ್ಲ.

ಸ್ವಿಚ್ ತೆರೆಯುವಾಗಲೆಲ್ಲ ಕಿಡಿ ಏಳುತ್ತದೆ. ಕಾಯಿಲ್‌ನಲ್ಲಿ ಹರಿಯುತ್ತಿರುವ ಕರೆಂಟ್ ತಟ್ಟನೆ ಕಡಿಮೆಯಾಗಲು ಒಪ್ಪುವುದಿಲ್ಲ, ಗಾಳಿಯನ್ನೇ ದಾಟುತ್ತದೆ. ಹಾಗಾಗಿ ಇಲ್ಲಿನ ಕಾಂಟ್ಯಾಕ್ಟ್ ಟಂಗ್‌ಸ್ಟನ್‌ನದು. ಅದು ಕರಗಲು ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಬೇಕು, ಬೆಳ್ಳಿಗೆ 962 ಸಾಕು. ಟಂಗ್‌ಸ್ಟನ್‌ಗೆ ಸಣ್ಣ ಅರದಿಂದ ಧೈರ್ಯವಾಗಿ ಉಜ್ಜಿ. ಉಳಿದ ಕಡೆ ಇರುವ ಬೆಳ್ಳಿಯ ಕಾಂಟ್ಯಾಕ್ಟ್‌ಗಳಿಗೆ ಕೈ ಹಗುರವಿರಲಿ. ನಂತರ ಫ್ಲಿಪ್ಪರ್ ಸ್ವಿಚ್‌ನ ಲೋಹದ ಪಟ್ಟಿಯನ್ನು ಬಗ್ಗಿಸಿ, ಫ್ಲಿಪ್ಪರ್ ಪೂರ್ತಿ ಮೇಲೆದ್ದಾಗ ಕಾಂಟ್ಯಾಕ್ಟ್ ಒಂದೆರಡು ಮಿಲಿಮೀಟರ್ ತೆರೆಯುವಂತೆ ಮಾಡಿ. ಇದೆಲ್ಲ ಪ್ಲಗ್ ಕಿತ್ತಿಟ್ಟು ಮಾಡುವ ಕೆಲಸ, ನೆನಪಿರಲಿ.

ಅಂದಹಾಗೆ, ಈ ಫ್ಲಿಪ್ಪರ್ ಬಂದದ್ದೇ 1947ರಲ್ಲಿ, ಗಾಟ್ಲೀಬ್‌ನ 'ಹಂಪ್ಟಿ ಡಂಪ್ಟಿ'ಯಲ್ಲಿ, ಒಟ್ಟು ಆರು. ಅದಕ್ಕೂ ಐದು ವರ್ಷ ಮೊದಲೇ ನ್ಯೂಯಾರ್ಕ್ ನಗರ ಪಿನ್‌ಬಾಲನ್ನು ಜೂಜು ಅಂತ ನಿಷೇಧಿಸಿತ್ತು. ಮೇಯರ್ ಲಾ ಗಾರ್ಡಿಯಾ ಸುತ್ತಿಗೆ ಹಿಡಿದು ಯಂತ್ರ ಒಡೆಯುವ ಫೋಟೋಗಳಿವೆ. ಫ್ಲಿಪ್ಪರ್ ಇಲ್ಲದ ಕಾಲದಲ್ಲಿ ಆ ಆರೋಪದಲ್ಲಿ ಹುರುಳಿತ್ತು ಅಂತಲೇ ನನ್ನ ಅಭಿಪ್ರಾಯ. ಫ್ಲಿಪ್ಪರ್ ಬಂದಮೇಲೂ ನಿಷೇಧ 1976ರವರೆಗೆ ಎಳೆದದ್ದು ಮಾತ್ರ ತಮಾಷೆ. ಆ ವರ್ಷ ಪಿನ್‌ಬಾಲ್ ಆಟಗಾರ ರೋಜರ್ ಶಾರ್ಪ್ ನಗರ ಸಭೆಯ ಸದಸ್ಯರೆದುರು ಆಡಿ, ಚೆಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಿ ಅಲ್ಲಿಗೇ ಕಳಿಸಿ ತೋರಿಸಿದರು.

ಕೊನೆಗೆ ಬಲ್ಬ್. ಯಂತ್ರದ ತುದಿಯಲ್ಲಿ ನೆಟ್ಟಗೆ ನಿಂತಿರುವ ಚಿತ್ರದ ಗಾಜಿನ ಹಿಂದೆ 44 ನಂಬರಿನವಿದ್ದರೆ ತೆಗೆದು 47 ಹಾಕಿ. ಮೊದಲನೆಯದು 250 ಮಿಲಿಆಂಪಿಯರ್ ಎಳೆದರೆ ಎರಡನೆಯದು 150. ಬಿಸಿ ಅಷ್ಟು ಕಡಿಮೆ. ಗಾಜಿನ ಹಿಂಬದಿಯ ಬಣ್ಣ ಶಾಖಕ್ಕೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ರಿಲೇಯನ್ನಾದರೂ ರಿಪೇರಿ ಮಾಡಬಹುದು, ಉದುರಿದ ಚಿತ್ರವನ್ನು ಮತ್ತೆ ಅಂಟಿಸಲಾಗುವುದಿಲ್ಲ.