ನೆಟ್‌ವರ್ಕ್ ಮೇಲೆ ಫೈಲ್ ಕಳಿಸಿದಾಗ ಹಳೇ ತಾರೀಖು ಉಳಿಸುವುದು ಹೇಗೆ

ಬೀದರ್ ಹತ್ತಿರದ ಅಷ್ಟೂರಿಗೆ ಹೋಗಿ, ಬಹಮನಿ ಸುಲ್ತಾನರ ಗೋರಿಗಳ ಬಗ್ಗೆ ಟಿಪ್ಪಣಿ ಬರೆದು, ಒಂದಿಷ್ಟು ಆಡಿಯೊ ಮಾಡಿಕೊಂಡು ಬಂದಿದ್ದೀರಿ ಅಂತ ಇಟ್ಟುಕೊಳ್ಳಿ. ಅದನ್ನೆಲ್ಲ ಕಲಬುರಗಿಯ ಗೆಳೆಯರ ಕಂಪ್ಯೂಟರಿಗೆ ಕಳಿಸಿದಿರಿ. ಅಲ್ಲಿ ನೋಡಿದರೆ ಎಲ್ಲಾ ಫೈಲಿಗೂ ಇವತ್ತಿನ ತಾರೀಖು! ಯಾವ ಟಿಪ್ಪಣಿ ಮೊದಲಿನದು, ಯಾವುದು ಆಮೇಲೆ ತಿದ್ದಿದ್ದು, ತಿಳಿಯುವುದೇ ಇಲ್ಲ.

ಕಾರಣ ಸರಳ. ತಾರೀಖು ಫೈಲಿನ ಒಳಗೆ ಇರುವುದಿಲ್ಲ. ಲಿನಕ್ಸ್‌ನಲ್ಲಿ ಅದು ಐನೋಡ್ ಎಂಬ ಬೇರೆ ಜಾಗದಲ್ಲಿ ಕೂತಿರುತ್ತದೆ. ಕಳಿಸಿದಾಗ ಆ ಕಡೆ ಹೊಸ ಫೈಲೇ ಹುಟ್ಟುತ್ತದೆ, ಅದಕ್ಕೆ ಹೊಸ ಸಮಯ ಬೀಳುತ್ತದೆ. (ಕ್ಯಾಮೆರಾ ಫೋಟೊ ಆದರೆ ಸ್ವಲ್ಪ ನಿಶ್ಚಿಂತೆ. ತೆಗೆದ ಸಮಯ ಎಕ್ಸಿಫ್ ರೂಪದಲ್ಲಿ ಫೈಲಿನೊಳಗೇ ಇರುತ್ತದೆ. ಬರೀ ಟೆಕ್ಸ್ಟ್ ಫೈಲಿಗೆ ಆ ಭಾಗ್ಯ ಇಲ್ಲ.)

ನಾವು ಉಳಿಸಬೇಕಾದದ್ದು ಎಮ್‌ಟೈಮ್, ಅಂದರೆ ಒಳಗಿನ ಬರಹ ಕೊನೆಗೆ ಬದಲಾದ ಸಮಯ. ಸಿಟೈಮ್ ಅಂತ ಇನ್ನೊಂದಿದೆ. ಅದನ್ನು ಸಿಸ್ಟಮ್ಮೇ ಬರೆಯುತ್ತದೆ, ಯಾವ ಕಾಪಿ ಆಜ್ಞೆಗೂ ಬಗ್ಗುವುದಿಲ್ಲ. ಬಿಟ್ಟುಬಿಡಿ.

ಈಗ ಆಜ್ಞೆಗಳಿಗೆ ಬನ್ನಿ. ಎಲ್ಲರೂ ಎಡವುವುದು ಇಲ್ಲೇ. ನೆಟ್‌ವರ್ಕ್ ಮೇಲೆ ಫೈಲ್ ಕಾಪಿ ಮಾಡುವ ಎಸ್‌ಸಿಪಿ ಆಜ್ಞೆಗೆ ಸಣ್ಣ ಪಿ ಆಯ್ಕೆ ಕೊಟ್ಟರೆ ಸಮಯ ಉಳಿಯುತ್ತದೆ. ದೊಡ್ಡ ಪಿ ಕೊಟ್ಟರೆ ಅದು ಪೋರ್ಟ್ ನಂಬರ್ ಕೇಳುತ್ತದೆ. ಬದಲಾದ ಫೈಲುಗಳನ್ನಷ್ಟೇ ಕಳಿಸುವ ಆರ್‌ಸಿಂಕ್ ಎಂಬ ಇನ್ನೊಂದು ಆಜ್ಞೆಯಲ್ಲಿ ಅದೇ ಸಣ್ಣ ಪಿ ಬರೀ ಅನುಮತಿಗಳನ್ನು ಉಳಿಸುತ್ತದೆ, ಸಮಯಕ್ಕೆ ಸಣ್ಣ ಟಿ ಬೇಕು. ಸುಮ್ನೆ ಸಣ್ಣ ಎ ಹಾಕಿಬಿಡಿ, ಟಿ ಅದರಲ್ಲೇ ಬರುತ್ತದೆ. ನನ್ನ ಕೇಳಿದರೆ ದೊಡ್ಡ ಫೋಲ್ಡರಿಗೆ ಆರ್‌ಸಿಂಕೇ ಸರಿ. ಯಾಕಂದರೆ ಅದು ಫೈಲಿನ ಸೈಜು ಮತ್ತು ಎಮ್‌ಟೈಮ್ ನೋಡಿಯೇ ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುತ್ತದೆ. ಟಿ ಇಲ್ಲದೆ ಕಳಿಸಿದರೆ ಮುಂದಿನ ಸಲ ಸಮಯ ತಾಳೆ ಆಗುವುದಿಲ್ಲ, ಬದಲಾಗದ ಫೈಲುಗಳನ್ನೂ ಮತ್ತೆ ಕಳಿಸಲು ಶುರು ಹಚ್ಚುತ್ತದೆ.

ವಿಂಡೋಸ್‌ನ ಕಾಪಿ ಆಜ್ಞೆ ರೋಬೊಕಾಪಿ ಫೈಲಿನ ಸಮಯವನ್ನು ತಾನೇ ಉಳಿಸುತ್ತದೆ. ಫೋಲ್ಡರಿನ ಸಮಯವೂ ಬೇಕಾದರೆ ಡಿಕಾಪಿ ಆಯ್ಕೆಗೆ ಟಿ ಸೇರಿಸಿ.

ಆ ಕಡೆ ಇರುವುದು ಫ್ಯಾಟ್32 (ಪೆನ್‌ಡ್ರೈವ್‌ಗಳಲ್ಲಿ ಕಾಣುವ ಹಳೇ ಫಾರ್ಮ್ಯಾಟ್) ಡಿಸ್ಕ್ ಆದರೆ ಇನ್ನೊಂದು ತಕರಾರು. ಅದು ಎಮ್‌ಟೈಮನ್ನು 2 ಸೆಕೆಂಡಿನ ಹೆಜ್ಜೆಯಲ್ಲಿ ಮಾತ್ರ ಬರೆಯುತ್ತದೆ. 1 ಸೆಕೆಂಡ್ ಆಚೀಚೆ ಆದ ಫೈಲನ್ನೂ ಆರ್‌ಸಿಂಕ್ ಬೇರೆ ಅಂತಲೇ ತಿಳಿಯುತ್ತದೆ. ಅದಕ್ಕೆ ಆರ್‌ಸಿಂಕ್‌ನ ಮಾಡಿಫೈ-ವಿಂಡೋ ಆಯ್ಕೆಗೆ 1 ಅಂತ ಕೊಡಿ, ಅಷ್ಟು ಸೆಕೆಂಡಿನ ವ್ಯತ್ಯಾಸವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಳಿಸಿದ ಮೇಲೆ ಎರಡೂ ಕಡೆ ಫೈಲಿನ ಸಮಯ ತೋರಿಸುವ ಸ್ಟ್ಯಾಟ್ ಆಜ್ಞೆ ಹೊಡೆದು ನೋಡಿ. ಒಂದು ಕಡೆ ಮಧ್ಯಾಹ್ನ 3:30, ಇನ್ನೊಂದು ಕಡೆ ಬೆಳಿಗ್ಗೆ 10:00 ಕಂಡರೆ ಗಾಬರಿ ಬೇಡ. ಲಿನಕ್ಸ್ 1970ರ ಜನವರಿ 1ರಿಂದ ಆದ ಸೆಕೆಂಡುಗಳನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ ಇಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ 5:30 ಗಂಟೆ ಮುಂದೆ, ಅಲ್ವಾ? ಎರಡನೇ ಕಂಪ್ಯೂಟರಿನ ಟೈಮ್‌ಝೋನ್ ಯುಟಿಸಿಯಲ್ಲೇ ಉಳಿದಿದೆ, ಅಷ್ಟೇ. ಅದನ್ನು ಏಷ್ಯಾ/ಕೋಲ್ಕತಾ ಮಾಡಿದರೆ ಎರಡೂ ಕಡೆ 3:30 ಬರುತ್ತದೆ.